ಮನೆಮಂದಿಯೆಲ್ಲ ನೋಡುವ ಸ್ಪ್ಯಾನಿಷ್ ಚಿತ್ರಗಳು

ಸ್ಪೇನ್, ಮೆಕ್ಸಿಕೊ, ಅರ್ಜೆಂಟೀನಾ, ಕ್ಯೂಬಾ, ಚಿಲಿ, ಕೊಲಂಬಿಯಾ ಮೊದಲಾದ ದೇಶಗಳಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ತಯಾರಾದ, ಅಜ್ಜ ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಒಂದೇ ಸಾಲಿನಲ್ಲಿ ಕೂತು ನೋಡುವಂಥ ಚಲನಚಿತ್ರಗಳು. ನಮ್ಮಲ್ಲಿ ಸಿನಿಮಾ ಪೋಸ್ಟರುಗಳ ಮೇಲೆ ‘ಸಂಸಾರ ಸಮೇತ ನೋಡಿ’ ಎಂದು ಹಾಕುತ್ತಿದ್ದರಲ್ಲ, ಆ ಮಾತು ಈ ಚಿತ್ರಗಳಿಗೆ ಚೆನ್ನಾಗಿ ಒಪ್ಪುತ್ತದೆ. ಇವುಗಳಲ್ಲಿ ಬಹುಪಾಲನ್ನು ಮಕ್ಕಳ ಚಿತ್ರಗಳೆಂದು ಬೇರೆ ಗುಂಪಿಗೆ ಸೇರಿಸುವುದು ಕಷ್ಟ. ಇಡೀ ಮನೆಯೇ ಪ್ರೇಕ್ಷಕವರ್ಗವೆಂದು ಎಣಿಸಿ ಮಾಡಿದ ಚಿತ್ರಗಳಿವು. ಹಾಗಾಗಿ ಬಡತನ, ಸಾವು, ಊರುಬಿಟ್ಟ ತಂದೆ, ಕಾಣದ ತಾಯಿ ಇಂಥ ಸಂಗತಿಗಳನ್ನು ಮಕ್ಕಳ ಕಣ್ಣಿಂದ ಮರೆಮಾಡುವ ರೂಢಿ ಇಲ್ಲಿ ಬೇರೂರಲಿಲ್ಲ. ಈ ಪರಂಪರೆಯ ನಿಜವಾದ ಶಕ್ತಿ ಇರುವುದೂ ಅಲ್ಲಿಯೇ.

ಆರಂಭ ಕಾಲದಲ್ಲಿ ತಂತ್ರದ ಚಮತ್ಕಾರವೇ ಮುಖ್ಯವಾಗಿತ್ತು. ಸ್ಪೇನಿನ ತೆರುಯೆಲ್‌ನಲ್ಲಿ ಹುಟ್ಟಿದ ಸೆಗುಂದೊ ದೆ ಚೊಮೋನ್ ಫ್ರಾನ್ಸಿನ ಪಾಥೆ ಕಂಪನಿಗಾಗಿ 1908ರಲ್ಲಿ ‘ಎಲ್ ಓತೆಲ್ ಎಲೆಕ್ತ್ರಿಕೊ’ ಎಂಬ ಕಿರುಚಿತ್ರ ಮಾಡಿದ. ಹೋಟೆಲಿಗೆ ಬಂದ ದಂಪತಿಯ ಪೆಟ್ಟಿಗೆಗಳು ತಾವೇ ಮೆಟ್ಟಿಲೇರುತ್ತವೆ, ಬ್ರಷ್ಷು ತಾನೇ ಬೂಟು ಉಜ್ಜುತ್ತದೆ. ವಸ್ತುವನ್ನು ಚೂರು ಚೂರೇ ಸರಿಸಿ ಒಂದೊಂದೇ ಚೌಕಟ್ಟನ್ನು ಚಿತ್ರಿಸುವ ವಿಧಾನಕ್ಕೆ ಇದು ಬಹಳ ಹಳೆಯ ಉದಾಹರಣೆ. ಅರ್ಜೆಂಟೀನಾದಲ್ಲಿ ಕಿರೀನೊ ಕ್ರಿಸ್ತಿಯಾನಿ 1917ರಲ್ಲಿ ತೆಗೆದ ‘ಎಲ್ ಅಪೋಸ್ತಲ್’ ಜಗತ್ತಿನ ಮೊದಲ ಪೂರ್ಣಪ್ರಮಾಣದ ಆನಿಮೇಷನ್ ಚಿತ್ರವೆಂದು ಹೆಸರಾಗಿದೆ. ಅದು ಅಂದಿನ ಅಧ್ಯಕ್ಷ ಇರಿಗೋಯೆನ್ ಕುರಿತ ರಾಜಕೀಯ ವಿಡಂಬನೆ, ಮಕ್ಕಳಿಗೆಂದು ಮಾಡಿದ್ದಲ್ಲ. ಅದರ ಪ್ರತಿಗಳು ಬೆಂಕಿಗೆ ಆಹುತಿಯಾದುದರಿಂದ ಇಂದು ನೋಡಲು ಏನೂ ಉಳಿದಿಲ್ಲ. ಮಕ್ಕಳಿರುವ ಮನೆಗೆ ತಲುಪಿದ ಮೊದಲ ದೊಡ್ಡ ಆನಿಮೇಷನ್ ಚಿತ್ರ 1945ರಲ್ಲಿ ಬಾರ್ಸಿಲೋನಾದಲ್ಲಿ ಆರ್ತುರೊ ಮೊರೇನೊ ನಿರ್ದೇಶಿಸಿದ ‘ಗಾರ್ಬಾನ್ಸಿತೊ ದೆ ಲಾ ಮಾಂಚಾ’. ತಬ್ಬಲಿ ಹುಡುಗ, ಅವನ ಜೊತೆಗೊಂದು ಮೇಕೆ, ಎದುರಿಗೆ ದೈತ್ಯ. ಅಂತರ್ಯುದ್ಧ ಮುಗಿದು ಆರು ವರ್ಷವಾಗಿದ್ದ, ಅನ್ನಕ್ಕೂ ತತ್ವಾರವಿದ್ದ ದೇಶದಲ್ಲಿ ಬಣ್ಣದ ಆನಿಮೇಷನ್ ಚಿತ್ರವೊಂದು ಪೂರ್ತಿಯಾಯಿತೆಂಬುದೇ ದೊಡ್ಡ ಸಾಹಸ.

ಜನ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಸಿನಿಮಾಕ್ಕೆ ಹೋಗುವ ಅಭ್ಯಾಸವನ್ನು ಸ್ಪ್ಯಾನಿಷ್ ಜಗತ್ತಿನಲ್ಲಿ ಬೆಳೆಸಿದ್ದು ಮುಖ್ಯವಾಗಿ ಮೆಕ್ಸಿಕೊ. ಫೆರ್ನಾಂದೊ ದೆ ಫ್ವೆಂತೆಸ್ 1936ರಲ್ಲಿ ತೆಗೆದ ‘ಅಯಾ ಎನ್ ಎಲ್ ರಾಂಚೊ ಗ್ರಾಂದೆ’ ಹಳ್ಳಿ, ಕುದುರೆ, ಹಾಡು, ಪ್ರೇಮ, ತಮಾಷೆ ಎಲ್ಲವನ್ನೂ ಸೇರಿಸಿದ ಚಿತ್ರ. ಅದು ಲ್ಯಾಟಿನ್ ಅಮೆರಿಕದ ಉದ್ದಗಲಕ್ಕೂ ಓಡಿ ಮೆಕ್ಸಿಕೊ ಚಿತ್ರರಂಗದ ಸುವರ್ಣಯುಗಕ್ಕೆ ದಾರಿ ಮಾಡಿತು. ಆ ಯುಗದ ದೊಡ್ಡ ನಗೆಗಾರ ಕಾಂತಿನ್‌ಫ್ಲಾಸ್. ನಿಜನಾಮ ಮಾರಿಯೊ ಮೊರೇನೊ (1911–1993). ಡೇರೆ ಹಾಕಿ ಆಡುತ್ತಿದ್ದ ಬೀದಿಬದಿಯ ನಾಟಕ ಕಂಪನಿಗಳಿಂದ ಬಂದವನು. ತುಟಿಯ ಎರಡೂ ತುದಿಗಷ್ಟೇ ಅಂಟಿಕೊಂಡ ಮೀಸೆ, ಸೊಂಟದಿಂದ ಜಾರಿ ಹಗ್ಗದ ಆಸರೆಯಲ್ಲಿ ನಿಂತ ಪ್ಯಾಂಟು, ಹೆಗಲ ಮೇಲೆ ಕೋಟೆಂದು ಹೇಳಿಕೊಳ್ಳುವ ಒಂದು ಹರಕು ಬಟ್ಟೆ: ಇದು ಅವನ ವೇಷ. ಮಾತು ಶುರುವಾದರೆ ಎಲ್ಲಿಂದೆಲ್ಲಿಗೋ ಹರಿಯುತ್ತದೆ, ಅರ್ಥ ಕೈಗೆ ಸಿಗುವುದಿಲ್ಲ, ಕೇಳುವವನು ಸುಸ್ತಾಗುತ್ತಾನೆ. 1940ರ ‘ಆಯ್ ಎಸ್ತಾ ಎಲ್ ದೆತಾಯೆ’ ಚಿತ್ರದ ನ್ಯಾಯಾಲಯದ ದೃಶ್ಯವನ್ನು ಇಲ್ಲಿ ನೆನೆಯಲೇಬೇಕು. ಕಟಕಟೆಯಲ್ಲಿ ನಿಂತ ಬಡಪಾಯಿಯ ಮಾತಿನ ಸುಳಿಗೆ ಸಿಕ್ಕಿ ಕೊನೆಗೆ ವಕೀಲರೂ ನ್ಯಾಯಾಧೀಶರೂ ಅವನಂತೆಯೇ ಮಾತಾಡತೊಡಗುತ್ತಾರೆ. ಆ ಹಾವಭಾವಕ್ಕೇ ಮಕ್ಕಳು ನಗುತ್ತಾರೆ. ಕೋರ್ಟು ಕಚೇರಿ ಅಲೆದು ಬಂದ ದೊಡ್ಡವರಿಗೆ ನಗಲು ಬೇರೆಯೇ ಕಾರಣವಿದೆ. ಹಾಲಿವುಡ್ ಇವನನ್ನು 1956ರ ‘ಅರೌಂಡ್ ದ ವರ್ಲ್ಡ್ ಇನ್ ಎಯ್ಟಿ ಡೇಸ್’ ಚಿತ್ರಕ್ಕೆ ಕರೆಸಿಕೊಂಡಿತು. ಚಿತೆಯಿಂದ ಭಾರತದ ರಾಜಕುಮಾರಿಯನ್ನು ಪಾರುಮಾಡುವ ಸೇವಕ ಪಾಸ್‌ಪಾರ್ತೂ ಅವನೇ. ಆದರೆ ಇಂಗ್ಲಿಷಿನಲ್ಲಿ ಆ ಮಾತಿನ ಪ್ರವಾಹ ಬತ್ತಿಹೋಗಿತ್ತು. ಅವನ ಪ್ರತಿಭೆಯ ಅರ್ಧಾಂಶವಷ್ಟೇ ಅಲ್ಲಿ ಕಂಡಿತು.

ಇದೇ ಕಾಲದ ‘ನೊಸೋತ್ರೊಸ್ ಲೊಸ್ ಪೋಬ್ರೆಸ್’ (1948) ನಗೆಯ ಚಿತ್ರವಲ್ಲ. ಇಸ್ಮಾಯೆಲ್ ರೊದ್ರೀಗೆಸ್ ನಿರ್ದೇಶನದ ಇದರಲ್ಲಿ ಜನಪ್ರಿಯ ಗಾಯಕ ನಟ ಪೆದ್ರೊ ಇನ್‌ಫಾಂತೆ ಬಡಗಿ ಪೆಪೆಯಾಗಿ ಅಭಿನಯಿಸಿದ್ದಾನೆ. ವಠಾರದ ಜೀವನ, ಜೈಲು, ಪಾರ್ಶ್ವವಾಯು ಬಡಿದ ತಾಯಿ, ಹೆತ್ತವಳು ಯಾರೆಂದು ತಿಳಿಯದೆ ಬೆಳೆಯುವ ಹುಡುಗಿ ಚಾಚೀತಾ ಎಲ್ಲ ಇದರಲ್ಲಿವೆ. ಹಾಡೂ ಉಂಟು, ಗೋಳೂ ಉಂಟು. ಮೆಕ್ಸಿಕೊದ ಟೆಲಿವಿಷನ್ನಿನಲ್ಲಿ ತಲೆಮಾರುಗಳಿಂದ ಮತ್ತೆ ಮತ್ತೆ ಪ್ರಸಾರವಾದ ಚಿತ್ರವಿದು. ಅಜ್ಜಿ ಕಣ್ಣೊರೆಸಿಕೊಂಡ ಅದೇ ದೃಶ್ಯಕ್ಕೆ ಮೊಮ್ಮಗಳೂ ಕಣ್ಣೊರೆಸಿಕೊಳ್ಳುತ್ತಾಳೆ.

ಸಾವನ್ನು ಮನೆಯ ಅತಿಥಿಯಂತೆ ಕಾಣುವ ಮೆಕ್ಸಿಕನ್ ಮನಸ್ಸನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವುದು ರೊಬೆರ್ತೊ ಗವಾಲ್ದೊನ್ ಅವರ ‘ಮಕಾರಿಯೊ’ (1960). ಕಟ್ಟಿಗೆ ಮಾರಿ ಬದುಕುವ ಮಕಾರಿಯೊನಿಗೆ ಒಂದೇ ಆಸೆ: ಯಾರಿಗೂ ಪಾಲು ಕೊಡದೆ ಇಡೀ ಟರ್ಕಿ ಕೋಳಿಯನ್ನು ತಾನೊಬ್ಬನೇ ತಿನ್ನಬೇಕು. ಹೆಂಡತಿ ಕದ್ದು ತಂದು ಬೇಯಿಸಿ ಕೊಡುತ್ತಾಳೆ. ಕಾಡಿಗೆ ಹೋಗಿ ತಿನ್ನಲು ಕೂತಾಗ ಸೈತಾನ ಬಂದು ಪಾಲು ಕೇಳುತ್ತಾನೆ, ದೇವರೂ ಬಂದು ಕೇಳುತ್ತಾನೆ. ಮಕಾರಿಯೊ ಇಬ್ಬರಿಗೂ ಕೊಡುವುದಿಲ್ಲ. ಮೂರನೆಯವನಾಗಿ ಮೃತ್ಯು ಬಂದಾಗ ಮಾತ್ರ ಅರ್ಧ ಹಂಚಿಕೊಳ್ಳುತ್ತಾನೆ. ಋಣ ತೀರಿಸಲು ಮೃತ್ಯು ಕೊಡುವ ಔಷಧಜಲದಿಂದ ಮುಂದಿನ ಕಥೆ. ಗುಹೆಯೊಂದರಲ್ಲಿ ಸಾವಿರಾರು ಮೋಂಬತ್ತಿಗಳು, ಒಂದೊಂದೂ ಒಬ್ಬೊಬ್ಬರ ಆಯುಷ್ಯ ಎನ್ನುವ ದೃಶ್ಯವನ್ನು ಗಬ್ರಿಯೆಲ್ ಫಿಗೆರೋವಾ ಕಪ್ಪುಬಿಳುಪಿನಲ್ಲಿ ಚಿತ್ರಿಸಿದ್ದಾರೆ. ಬಣ್ಣವಿದ್ದಿದ್ದರೆ ಅದಕ್ಕೆ ಅಷ್ಟು ಗಾಂಭೀರ್ಯ ಬರುತ್ತಿರಲಿಲ್ಲ. ವಿದೇಶಿ ಭಾಷಾ ವಿಭಾಗದಲ್ಲಿ ಆಸ್ಕರ್‌ಗೆ ನಾಮನಿರ್ದೇಶನ ಪಡೆದ ಮೊದಲ ಮೆಕ್ಸಿಕನ್ ಚಿತ್ರವಿದು. ನವೆಂಬರ್ ಆರಂಭದಲ್ಲಿ ಬರುವ ಮೃತರ ಹಬ್ಬಕ್ಕೆ ಇದನ್ನು ಹಾಕಿಕೊಂಡು ನೋಡುವ ಮನೆಗಳು ಈಗಲೂ ಇವೆ. ಎಂಟು ಹತ್ತು ವರ್ಷ ದಾಟಿದ ಮಕ್ಕಳಿಗೆ ಧೈರ್ಯವಾಗಿ ತೋರಿಸಬಹುದು.

ಮುಖವಾಡ ತೊಟ್ಟ ಕುಸ್ತಿಪಟು ಎಲ್ ಸಾಂತೊ ರಕ್ತಪಿಶಾಚಿಗಳೊಡನೆ ಕಾದಾಡುವ ಚಿತ್ರಗಳು ಹುಡುಗರ ಆಟಕ್ಕೆ ಸಾಮಗ್ರಿ ಒದಗಿಸಿದವು. ಟೆಲಿವಿಷನ್ನಿನ ‘ಎಲ್ ಚಾವೊ’ ಖ್ಯಾತಿಯ ರೊಬೆರ್ತೊ ಗೋಮೆಸ್ ಬೊಲಾನ್ಯೊಸ್ ತನ್ನ ತಂಡದೊಡನೆ 1979ರಲ್ಲಿ ‘ಎಲ್ ಚಾನ್‌ಫ್ಲೆ’ ತೆರೆಗೆ ತಂದರು. ಫುಟ್ಬಾಲ್ ಕ್ಲಬ್ಬಿನ ಒಬ್ಬ ಪ್ರಾಮಾಣಿಕ ಸಹಾಯಕನ ಕಥೆ ಅದು.

ಸ್ಪೇನಿನ ದಾರಿ ಬೇರೆ. ಫ್ರಾಂಕೊನ ಸರ್ವಾಧಿಕಾರ, ಚರ್ಚಿನ ಹಿಡಿತ, ಕಟ್ಟುನಿಟ್ಟಾದ ಸೆನ್ಸಾರ್ ಇದ್ದ ಕಾಲದಲ್ಲಿ ಕೌಟುಂಬಿಕ ಚಿತ್ರ ಸರ್ಕಾರಕ್ಕೆ ಒಪ್ಪಿಗೆಯಾದ ಪ್ರಕಾರವಾಗಿತ್ತು. ಹಂಗರಿಯಿಂದ ಬಂದ ಲಾದಿಸ್ಲಾವೊ ವಾಯ್ದಾ ನಿರ್ದೇಶಿಸಿದ ‘ಮಾರ್ಸೆಲೀನೊ ಪಾನ್ ಇ ವೀನೊ’ (1955) ಆ ಕಾಲದ ಬಹು ಪ್ರಸಿದ್ಧ ಕೃತಿ. ಹೊಸೆ ಮರಿಯಾ ಸಾಂಚೆಸ್ ಸಿಲ್ವಾ ಅವರ ಕಥೆಯನ್ನು ಆಧರಿಸಿದ್ದು. ಮಠದ ಬಾಗಿಲಲ್ಲಿ ಯಾರೋ ಬಿಟ್ಟುಹೋದ ಕೂಸನ್ನು ಹನ್ನೆರಡು ಸನ್ಯಾಸಿಗಳು ಸಾಕುತ್ತಾರೆ. ಹುಡುಗ ಅವರಿಗೆಲ್ಲ ಅಡ್ಡಹೆಸರಿಡುತ್ತಾನೆ. ಗಂಟೆ ಬಾರಿಸುವವರಿಗೊಂದು, ಬಾಗಿಲು ಕಾಯುವವರಿಗೊಂದು, ಗಂಜಿ ಮಾಡಿ ಉಣಿಸುವವರಿಗೊಂದು. ಅಟ್ಟದ ಮೇಲೆ ಮೂಲೆಗೆ ಸೇರಿದ್ದ ಶಿಲುಬೆಯ ಯೇಸುವಿಗೆ ಹಸಿವಾಗಿರಬೇಕೆಂದು ಅಡುಗೆಮನೆಯಿಂದ ರೊಟ್ಟಿ ಕದ್ದೊಯ್ಯುತ್ತಾನೆ. ಮೂರ್ತಿಯ ಕೈ ಚಾಚಿ ಅದನ್ನು ತೆಗೆದುಕೊಳ್ಳುತ್ತದೆ. ಅಮ್ಮನನ್ನು ನೋಡಬೇಕೆಂದು ಹುಡುಗ ವರ ಕೇಳುತ್ತಾನೆ, ಅದು ಈಡೇರುವುದು ಅವನ ಸಾವಿನಲ್ಲಿ. ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿ ಗೆದ್ದ ಈ ಚಿತ್ರ ಪಾಬ್ಲೀತೊ ಕಾಲ್ವೊ ಎಂಬ ಬಾಲನಟನನ್ನು ಹಲವು ದೇಶಗಳಲ್ಲಿ ಮನೆಮಾತಾಗಿಸಿತು. ಧಾರ್ಮಿಕ ಪ್ರಚಾರದ ಚಿತ್ರವೆಂದು ಇದನ್ನು ತಳ್ಳಿಹಾಕುವವರಿದ್ದಾರೆ. ಆದರೆ ಆ ಪುಟ್ಟ ಕೈಯ ರೊಟ್ಟಿತುಂಡಿನ ಮುಂದೆ ಅಂಥ ತಕರಾರು ಬಹಳ ಹೊತ್ತು ನಿಲ್ಲುವುದಿಲ್ಲ.

ಪಾಬ್ಲೀತೊನ ಯಶಸ್ಸಿನ ಹಿಂದೆಯೇ ಹಾಡುವ ಬಾಲತಾರೆಗಳ ಸಾಲು ಬಂತು: ‘ಎಲ್ ಪೆಕೆನ್ಯೊ ರುಯಿಸೆನ್ಯೊರ್’ (1956) ಚಿತ್ರದ ಹೊಸೆಲೀತೊ, ‘ಉನ್ ರಾಯೊ ದೆ ಲುಸ್’ (1960) ಚಿತ್ರದ ಮಾರಿಸೋಲ್. ಮಾಲಗಾ ನಗರದ ಬಡ ಮನೆಯ ಹುಡುಗಿ ಪೆಪಾ ಫ್ಲೋರೆಸ್‌ಳನ್ನು ನಿರ್ಮಾಪಕ ಮಾನುವೆಲ್ ಗೊಯಾನೆಸ್ ಕಂಡು, ಮ್ಯಾಡ್ರಿಡ್ಡಿನ ತನ್ನ ಮನೆಯಲ್ಲೇ ಇರಿಸಿಕೊಂಡು, ಮಾರಿಸೋಲ್ ಎಂಬ ಹೊಂಗೂದಲ ತಾರೆಯನ್ನಾಗಿ ರೂಪಿಸಿದ. ದೇಶವೆಲ್ಲ ಅವಳ ಹಾಡಿಗೆ ತಲೆದೂಗಿತು. ದೊಡ್ಡವಳಾದ ಮೇಲೆ ಆಕೆ ಆ ಹೆಸರನ್ನೂ ಪ್ರಚಾರವನ್ನೂ ತೊರೆದು ಊರಿಗೆ ಮರಳಿದರು. 2020ರಲ್ಲಿ ಸ್ಪೇನಿನ ಚಿತ್ರರಂಗದ ಗೋಯಾ ಗೌರವ ಪ್ರಶಸ್ತಿ ಬಂದಾಗಲೂ ವೇದಿಕೆಗೆ ಬರದೆ ಮಕ್ಕಳನ್ನು ಕಳಿಸಿದರು. ಆ ಚಿತ್ರಗಳನ್ನು ನೋಡುವಾಗ ಅವು ಕಸಿದುಕೊಂಡ ಬಾಲ್ಯವನ್ನೂ ನೆನೆಯಬೇಕು.

ಈ ಗುಂಪಿನಲ್ಲಿ ಇಂದಿಗೂ ಹಳತಾಗದಿರುವುದು ಫೆರ್ನಾಂದೊ ಪಾಲಾಸಿಯೊಸ್ ನಿರ್ದೇಶನದ ‘ಲಾ ಗ್ರಾನ್ ಫಮೀಲಿಯಾ’ (1962). ಒಬ್ಬ ತಂದೆ, ಒಬ್ಬ ತಾಯಿ, ಒಬ್ಬ ಅಜ್ಜ, ಹದಿನೈದು ಮಕ್ಕಳು. ಹೆಚ್ಚು ಮಕ್ಕಳಿದ್ದ ಸಂಸಾರಗಳಿಗೆ ಸರ್ಕಾರವೇ ಬಹುಮಾನ ಕೊಡುತ್ತಿದ್ದ ಕಾಲವದು. ಚಿತ್ರ ಆ ನೀತಿಗೆ ತಾಳ ಹಾಕುತ್ತದೆ ಎಂಬ ಟೀಕೆ ಸರಿಯಾದದ್ದೇ. ಆದರೂ ಎರಡು ಮೂರು ಕಡೆ ದುಡಿದರೂ ಸಾಲದ ತಂದೆಯ ಪಾಡನ್ನು ಅದು ಮುಚ್ಚಿಡುವುದಿಲ್ಲ. ಕ್ರಿಸ್‌ಮಸ್ ಸಮಯದಲ್ಲಿ ಮ್ಯಾಡ್ರಿಡ್ಡಿನ ಪ್ಲಾಸಾ ಮಾಯೋರ್ ಚೌಕದ ಸಂತೆಯಲ್ಲಿ ಪುಟ್ಟ ಮಗ ಚೆಂಚೊ ಅಜ್ಜನ ಕೈತಪ್ಪಿ ಹೋಗುತ್ತಾನೆ. ಒಡಕು ದನಿಯ ಮುದಿ ನಟ ಪೆಪೆ ಇಸ್ಬೆರ್ತ್ ಗೊಂಬೆ ಅಂಗಡಿಗಳ ನಡುವೆ ‘ಚೆಂಚೊ, ಚೆಂಚೊ’ ಎಂದು ಕೂಗುತ್ತ ಅಲೆಯುವುದು ಸ್ಪೇನಿನವರು ಮರೆಯದ ದೃಶ್ಯ. ಜಾತ್ರೆಯಲ್ಲಿ ಮಗುವಿನ ಕೈ ಹಿಡಿದು ನಡೆದವರಿಗೆಲ್ಲ ಆ ಕೂಗು ಅರ್ಥವಾಗುತ್ತದೆ. ಚಿತ್ರಕ್ಕೆ 1965ರಲ್ಲೂ 1979ರಲ್ಲೂ ಮುಂದಿನ ಭಾಗಗಳು ಬಂದವು. ಮೊದಲನೆಯದರ ಹದ ಅವಕ್ಕೆ ಬರಲಿಲ್ಲ.

ದಕ್ಷಿಣ ಅಮೆರಿಕ ಮತ್ತು ಕ್ಯೂಬಾದಲ್ಲಿ ಹಣ ಕಡಿಮೆ, ಹಂಬಲ ಹೆಚ್ಚು. ಕ್ಯೂಬಾದ ಮೊದಲ ಪೂರ್ಣಪ್ರಮಾಣದ ಆನಿಮೇಷನ್ ಹ್ವಾನ್ ಪದ್ರೋನ್ ಅವರ ‘ಎಲ್ಪೀದಿಯೊ ವಾಲ್ದೆಸ್’ (1979). ಸ್ವಾತಂತ್ರ್ಯ ಸಮರದ ಸಿಪಾಯಿಯೊಬ್ಬ ಅದರ ನಾಯಕ. ಅರ್ಜೆಂಟೀನಾದಲ್ಲಿ ಮಾನುವೆಲ್ ಗಾರ್ಸಿಯಾ ಫೆರ್ರೆ, ಮರಿಯಾ ಎಲೇನಾ ವಾಲ್ಶ್ ಅವರ ಮಕ್ಕಳ ಹಾಡಿನ ಆಮೆಯನ್ನು ‘ಮಾನುವೆಲೀತಾ’ (1999) ಚಿತ್ರವಾಗಿಸಿದರು. ‘ವಾಲೆಂತೀನ್’ (2002) ಚಿತ್ರದಲ್ಲಿ ಅಜ್ಜಿಯೊಡನೆ ಬೆಳೆಯುವ, ಗಗನಯಾತ್ರಿಯಾಗಬೇಕೆನ್ನುವ ಹುಡುಗನಿದ್ದಾನೆ. ಕ್ಯೂಬಾದ ‘ವೀವಾ ಕ್ಯೂಬಾ’ (2005) ಚಿತ್ರದಲ್ಲಿ ತಾಯಿ ದೇಶ ಬಿಡಲು ಹೊರಟಿದ್ದಾಳೆಂದು ತಿಳಿದ ಹುಡುಗಿ, ಒಪ್ಪಿಗೆಯ ಸಹಿ ಹಾಕಬೇಡವೆಂದು ತಂದೆಗೆ ಹೇಳಲು ಗೆಳೆಯನ ಜೊತೆ ದ್ವೀಪದ ಇನ್ನೊಂದು ತುದಿಯ ದೀಪಸ್ತಂಭದವರೆಗೆ ಹೋಗುತ್ತಾಳೆ. ಅವರಿಬ್ಬರ ಮನೆಗಳ ನಡುವೆ ರಾಜಕೀಯ ಹಗೆ. ಮಕ್ಕಳಿಗೆ ಅದರ ಗೊಡವೆಯೇ ಇಲ್ಲ. ಕಾನ್ ಚಿತ್ರೋತ್ಸವದ ಕಿರಿಯರ ವಿಭಾಗದಲ್ಲಿ ಇದಕ್ಕೆ ಮೊದಲ ಬಹುಮಾನ ಬಂತು. ಕೊಲಂಬಿಯಾದ ‘ಲೊಸ್ ಕೊಲೋರೆಸ್ ದೆ ಲಾ ಮೊಂತಾನ್ಯಾ’ದಲ್ಲಿ ಹುಡುಗರ ಹೊಸ ಫುಟ್ಬಾಲು ನೆಲಬಾಂಬು ಹುಗಿದ ಗದ್ದೆಗೆ ಉರುಳುತ್ತದೆ, ಅದನ್ನು ಹೇಗೆ ತರುವುದೆಂಬುದೇ ಕಥೆಯ ಎಳೆ. ಚಿಲಿಯ ಗಬ್ರಿಯೆಲ್ ಒಸೋರಿಯೊ 1973ರ ಸೈನಿಕ ದಂಗೆಯ ನಂತರ ಗಡೀಪಾರಾದ ತನ್ನ ಅಜ್ಜನನ್ನು ನೆನೆದು ‘ಇಸ್ತೋರಿಯಾ ದೆ ಉನ್ ಓಸೊ’ (2014) ಎಂಬ ಕಿರುಚಿತ್ರ ಮಾಡಿದರು. ಸರ್ಕಸ್ಸಿನವರು ಹೊತ್ತೊಯ್ದ ಕರಡಿಯೊಂದು ತನ್ನ ಸಂಸಾರದ ಕಥೆಯನ್ನು ಯಂತ್ರದ ಗೊಂಬೆಪೆಟ್ಟಿಗೆಯಲ್ಲಿ ಕಟ್ಟಿ, ಕಾಸು ಕೊಟ್ಟವರಿಗೆ ತೋರಿಸುತ್ತದೆ. ಚಿಲಿಗೆ ಮೊದಲ ಆಸ್ಕರ್ ತಂದುಕೊಟ್ಟದ್ದು ಈ ಪುಟ್ಟ ಚಿತ್ರವೇ.

ಕಂಪ್ಯೂಟರ್ ಆನಿಮೇಷನ್ ಬಂದ ಮೇಲೆ ಚಿತ್ರಗಳ ಗಾತ್ರ ಹಿಗ್ಗಿತು. ಹ್ವಾನ್ ಹೊಸೆ ಕಾಂಪನೆಲ್ಲಾ ಅರ್ಜೆಂಟೀನಾದಲ್ಲಿ ಮಾಡಿದ ‘ಮೆತೆಗೋಲ್’ (2013) ಚಿತ್ರದಲ್ಲಿ ಮೇಜಿನ ಮೇಲಿನ ಫುಟ್ಬಾಲ್ ಬೊಂಬೆಗಳಿಗೆ ಜೀವ ಬರುತ್ತದೆ. ಸ್ಪೇನಿನ ಎನ್ರಿಕೆ ಗಾತೊ ಅವರ ‘ತದೇಯೊ ಜೋನ್ಸ್’ (2012) ಸರಣಿಯಾಗಿ ಬೆಳೆಯಿತು. ಆದರೆ ಇದೇ ದಶಕದಲ್ಲಿ ಒಂದು ನಷ್ಟವೂ ಆಯಿತು. ಮ್ಯಾಡ್ರಿಡ್ಡಿನಲ್ಲೇ ತಯಾರಾದ, ಕೈಯಿಂದ ಬಿಡಿಸಿದ ಚಿತ್ರಗಳ ಚೆಲುವನ್ನು ಮರಳಿ ತಂದ ಸೆರ್ಜಿಯೊ ಪಾಬ್ಲೊಸ್ ಅವರ ‘ಕ್ಲೌಸ್’ (2019) ಮೂಲದಲ್ಲಿ ಇಂಗ್ಲಿಷ್ ಮಾತಿನ ಚಿತ್ರ. ಜಗತ್ತಿನ ಮಾರುಕಟ್ಟೆಗೆ ಹೋಗಬೇಕಾದರೆ ತಾಯ್ನುಡಿಯನ್ನು ಬಿಟ್ಟೇ ಹೋಗಬೇಕೆಂಬ ಒತ್ತಡ ಕನ್ನಡದಂಥ ಭಾಷೆಯವರಿಗೂ ಚೆನ್ನಾಗಿ ಗೊತ್ತಿರುವುದೇ. ಪಾಬ್ಲೊ ಬೆರ್ಗೆರ್ ಅವರ ‘ರೋಬೋಟ್ ಡ್ರೀಮ್ಸ್’ (2023) ಮಾತನ್ನೇ ಕೈಬಿಟ್ಟು ನಾಯಿ ಮತ್ತು ಯಂತ್ರಮಾನವನ ಸ್ನೇಹವನ್ನು ಹೇಳಿತು. ಅಮೆರಿಕದ ಪಿಕ್ಸಾರ್ ಸಂಸ್ಥೆಯ ‘ಕೋಕೊ’ (2017) ಕೂಡ ಇಂಗ್ಲಿಷಿನದೇ, ಆದರೆ ಮೊದಲ ಪ್ರದರ್ಶನ ನಡೆದದ್ದು ಮೆಕ್ಸಿಕೊದ ಮೊರೇಲಿಯಾ ಉತ್ಸವದಲ್ಲಿ. ಮೃತರ ಹಬ್ಬದ ಆ ಕಥೆಯನ್ನು ಮೆಕ್ಸಿಕನ್ನರು ತಮ್ಮದೆಂದೇ ಒಪ್ಪಿಕೊಂಡರು.

ಅಮೆರಿಕದಲ್ಲಿ ನೆಲೆಸಿದ ಸ್ಪ್ಯಾನಿಷ್ ಭಾಷಿಕರು ಎಷ್ಟು ದೊಡ್ಡ ಪ್ರೇಕ್ಷಕವರ್ಗವೆಂಬುದು 2013ರಲ್ಲಿ ಎಉಹೇನಿಯೊ ದೆರ್ಬೆಸ್ ಅವರ ‘ನೊ ಸೆ ಅಸೆಪ್ತಾನ್ ದೆವೊಲುಸಿಯೋನೆಸ್’ ನಾಲ್ಕು ಕೋಟಿ ಡಾಲರ್ ಮೀರಿ ಗಳಿಸಿದಾಗ ಎದ್ದುಕಂಡಿತು. ದೆರ್ಬೆಸ್ ನಟಿಸಿದ ‘ರಾಡಿಕಲ್’ (2023) ಮೆಕ್ಸಿಕೊದ ಗಡಿಯೂರು ಮಾತಾಮೋರೊಸ್‌ನ ಶಿಕ್ಷಕ ಸೆರ್ಜಿಯೊ ಹ್ವಾರೆಸ್ ಕೊರ್ರೆಯಾ ಅವರ ನಿಜಕಥೆಯನ್ನು ಆಧರಿಸಿದ್ದು. ಮೇಜುಗಳನ್ನು ಬೋರಲು ಹಾಕಿ ದೋಣಿಗಳೆಂದು ಕರೆದು, ದೋಣಿ ಏಕೆ ತೇಲುತ್ತದೆಂದು ಕೇಳುತ್ತ ಆತ ಪಾಠ ಶುರುಮಾಡುತ್ತಾನೆ. ಆ ಶಿಕ್ಷಕರಿಗೆ ಸ್ಫೂರ್ತಿಯಾದದ್ದು ದೆಹಲಿಯ ಕಾಲ್ಕಾಜಿಯ ಗೋಡೆಯಲ್ಲಿ ಕಂಪ್ಯೂಟರ್ ಇಟ್ಟು ಕೊಳೆಗೇರಿಯ ಮಕ್ಕಳು ತಾವೇ ಕಲಿಯುವುದನ್ನು ತೋರಿಸಿದ ಸುಗತ ಮಿತ್ರಾ ಅವರ ವಿಚಾರಗಳು.

ಸ್ಪೇನಿನಲ್ಲಿ ಈಗ ಚಿತ್ರಮಂದಿರಕ್ಕೆ ಸಂಸಾರಗಳನ್ನು ಎಳೆಯುತ್ತಿರುವುದು ಸಾಂತಿಯಾಗೊ ಸೆಗುರಾ ಅವರ ‘ಪಾದ್ರೆ ನೊ ಐ ಮಾಸ್ ಕೆ ಉನೊ’ (2019) ಸರಣಿ. ಹೆಂಡತಿ ಊರಿಗೆ ಹೋದಾಗ ಐದು ಮಕ್ಕಳನ್ನು ನಿಭಾಯಿಸುವ ಗಂಡನ ಈ ಕಥೆ ಅರ್ಜೆಂಟೀನಾದ ಚಿತ್ರವೊಂದರ ರೀಮೇಕ್. ನಗಿಸುತ್ತದೆ, ಅಷ್ಟೇ. ಇದಕ್ಕಿಂತ ಎಷ್ಟೋ ಎತ್ತರದಲ್ಲಿದೆ ಹಾವಿಯೆರ್ ಫೆಸ್ಸೆರ್ ಅವರ ‘ಕಾಂಪಿಯೋನೆಸ್’ (2018). ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದ ಬಾಸ್ಕೆಟ್‌ಬಾಲ್ ತರಬೇತುದಾರನಿಗೆ ಬುದ್ಧಿಮಾಂದ್ಯರ ತಂಡವನ್ನು ಪಳಗಿಸುವ ಶಿಕ್ಷೆಯಾಗುತ್ತದೆ, ಪಳಗುವವನು ಅವನೇ. ಆಟಗಾರರ ಪಾತ್ರಗಳಿಗೆ ಫೆಸ್ಸೆರ್ ಅಂಗವೈಕಲ್ಯವುಳ್ಳವರನ್ನೇ ಆರಿಸಿಕೊಂಡರು. 2019ರಲ್ಲಿ ಚಿತ್ರಕ್ಕೆ ಗೋಯಾ ಬಂತು, ಹೊಸ ನಟನೆಂಬ ಪ್ರಶಸ್ತಿ ಹೆಸುಸ್ ವಿದಾಲ್ ಅವರಿಗೆ ಸಂದಿತು. ಇಂಗ್ಲಿಷ್ ರೀಮೇಕ್ ಆದ ಮೇಲೆ ಆಮಿರ್ ಖಾನ್ ನಟಿಸಿ ಆರ್. ಎಸ್. ಪ್ರಸನ್ನ ನಿರ್ದೇಶಿಸಿದ ಹಿಂದಿಯ ‘ಸಿತಾರೆ ಜಮೀನ್ ಪರ್’ 2025ರ ಜೂನ್‌ನಲ್ಲಿ ತೆರೆಕಂಡಿತು. ಹತ್ತು ಜನ ಆಟಗಾರರ ಪಾತ್ರಗಳಿಗೆ ಇಲ್ಲಿಯೂ ಅಂಥವರನ್ನೇ ಹುಡುಕಿ ತಂದರು. ಅಷ್ಟರಲ್ಲಿ ಫೆಸ್ಸೆರ್ ತಮ್ಮ ಹಳೆಯ ತಂಡವನ್ನೇ ಕಟ್ಟಿಕೊಂಡು, ಬಾಸ್ಕೆಟ್‌ಬಾಲ್ ಬದಲು ಅಥ್ಲೆಟಿಕ್ಸ್ ಕಣಕ್ಕಿಳಿಸಿ, ‘ಕಾಂಪಿಯೊನೆಕ್ಸ್’ (2023) ಮಾಡಿ ಮುಗಿಸಿದ್ದರು.