ಬ್ಯಾಸ್ ಮೀನುಗಾರಿಕೆಯ ಸಲಕರಣೆಗಳು

ಉತ್ತರ ಅಮೆರಿಕದ ಸಿಹಿನೀರಿನ ಬ್ಯಾಸ್ ಮೀನನ್ನು ಹವ್ಯಾಸಕ್ಕಾಗಿ ಗಾಳ ಹಾಕಿ ಹಿಡಿಯುವವರು ಬಳಸುವ ಕೋಲು, ರೀಲು, ದಾರ, ಗಾಳ, ಕೃತಕ ಎರೆ ಮೊದಲಾದ ಸಾಧನಗಳನ್ನು ಒಟ್ಟಾಗಿ ಈ ಹೆಸರಿನಿಂದ ಕರೆಯಲಾಗುತ್ತದೆ. ಇವುಗಳಲ್ಲಿ ಯಾವುದೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಎರೆಯ ತೂಕಕ್ಕೆ ದಾರ, ದಾರಕ್ಕೆ ರೀಲು, ರೀಲಿಗೆ ಕೋಲು ಹೊಂದಬೇಕು. ಹೊಂದದಿದ್ದರೆ ಎಷ್ಟೇ ಬೆಲೆ ಕೊಟ್ಟು ಕೊಂಡರೂ ಎಸೆತ ದೂರ ಹೋಗುವುದಿಲ್ಲ, ಮೀನು ಕಚ್ಚಿದ್ದು ಕೈಗೆ ತಿಳಿಯುವುದಿಲ್ಲ. ಆದ್ದರಿಂದ ಸಲಕರಣೆ ಆರಿಸುವವರು ಮೊದಲು ಮೀನಿನ ಸ್ವಭಾವವನ್ನೂ ಅದಿರುವ ನೀರನ್ನೂ ತಿಳಿಯಬೇಕು.

ಮೀನು ಮತ್ತು ಅದರ ನೆಲೆ

ಇಲ್ಲಿ ಬ್ಯಾಸ್ ಎಂದರೆ ಸನ್‌ಫಿಶ್ ಕುಟುಂಬದ ಮೈಕ್ರಾಪ್ಟೆರಸ್ ಕುಲಕ್ಕೆ ಸೇರಿದ ಮೀನುಗಳು. ಕರ್ನಾಟಕದ ಅಳಿವೆಗಳಲ್ಲಿ ಸಿಗುವ ಏಷ್ಯನ್ ಸೀ ಬ್ಯಾಸ್ ಬೇರೆಯೇ ಕುಟುಂಬದ್ದು. ಗಾಳಗಾರರಿಗೆ ಮುಖ್ಯವಾದವು ಎರಡು: ಲಾರ್ಜ್‌ಮೌತ್ ಮತ್ತು ಸ್ಮಾಲ್‌ಮೌತ್. ಲಾರ್ಜ್‌ಮೌತ್‌ನ ಮೇಲ್ದವಡೆ ಕಣ್ಣನ್ನು ದಾಟಿ ಹಿಂದಕ್ಕೆ ಚಾಚಿರುತ್ತದೆ, ಸ್ಮಾಲ್‌ಮೌತ್‌ನದು ದಾಟುವುದಿಲ್ಲ. ಲಾರ್ಜ್‌ಮೌತ್ ಬೆಚ್ಚಗಿನ, ನಿಂತ ನೀರಿನಲ್ಲಿ ಜೊಂಡು, ತಾವರೆ ಎಲೆ, ಮುಳುಗಿದ ಮರಗಳ ಮರೆಯಲ್ಲಿರುತ್ತದೆ. ಸ್ಮಾಲ್‌ಮೌತ್‌ಗೆ ತಂಪಾದ ತಿಳಿನೀರು ಮತ್ತು ಕಲ್ಲಿನ ತಳ ಬೇಕು.

ಎರಡೂ ಬೇಟೆಗಾರ ಮೀನುಗಳೇ. ಲಾರ್ಜ್‌ಮೌತ್ ಅಟ್ಟಿಸಿಕೊಂಡು ಹೋಗುವುದಕ್ಕಿಂತ ಮರೆಯಲ್ಲಿ ಹೊಂಚು ಹಾಕಿ, ಹತ್ತಿರ ಬಂದ ಸಣ್ಣ ಮೀನು, ಸಿಗಡಿಯಂಥ ಕ್ರೇಫಿಶ್, ಕಪ್ಪೆಗಳ ಮೇಲೆ ಎರಗುತ್ತದೆ. ಬಾಯಿ ತೆರೆದು ನೀರಿನ ಸಮೇತ ಬೇಟೆಯನ್ನು ಒಳಕ್ಕೆಳೆದುಕೊಳ್ಳುತ್ತದೆ, ಹುಸಿ ಎನಿಸಿದರೆ ಅಷ್ಟೇ ಬೇಗ ಉಗುಳುತ್ತದೆ. ಪಕ್ಕೆಯುದ್ದಕ್ಕೂ ಇರುವ ಪಾರ್ಶ್ವರೇಖೆ ನೀರಿನ ಕಂಪನವನ್ನು ಗುರುತಿಸುವುದರಿಂದ ಕದಡಿದ ನೀರಿನಲ್ಲೂ ಅದಕ್ಕೆ ಬೇಟೆಯ ಸುಳಿವು ಸಿಗುತ್ತದೆ. ಈ ಮೀನುಗಾರಿಕೆಯ ಬಹುತೇಕ ಸಲಕರಣೆಗಳು ರೂಪುಗೊಂಡಿರುವುದು ಈ ಸ್ವಭಾವಕ್ಕೆ ತಕ್ಕಂತೆ: ಮರೆಯ ಬಳಿಗೆ ಎರೆಯನ್ನು ಗುರಿಯಿಟ್ಟು ಎಸೆಯಬೇಕು, ಕಚ್ಚಿದ್ದನ್ನು ಒಡನೆ ಅರಿಯಬೇಕು, ಜೊಂಡಿನೊಳಗೆ ನುಗ್ಗುವ ಮೊದಲೇ ಮೀನನ್ನು ಹೊರಗೆಳೆಯಬೇಕು.

ಇತಿಹಾಸ

19ನೇ ಶತಮಾನದ ಆರಂಭದಲ್ಲಿ ಕೆಂಟಕಿ ರಾಜ್ಯದ ಪ್ಯಾರಿಸ್ ಪಟ್ಟಣದ ಗಡಿಯಾರ ಕುಶಲಕರ್ಮಿ ಜಾರ್ಜ್ ಸ್ನೈಡರ್, ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ದಾರ ಸುತ್ತುವ ಉರುಳೆ ಹಲವು ಸುತ್ತು ತಿರುಗುವ ರೀಲನ್ನು ತಯಾರಿಸಿದ. ಇಂದಿನ ಬೈಟ್‌ಕಾಸ್ಟಿಂಗ್ ರೀಲಿನ ಮೂಲ ಇದೇ. 1881ರಲ್ಲಿ ವೈದ್ಯ ಜೇಮ್ಸ್ ಹೆನ್‌ಶಾಲ್ ಬ್ಯಾಸ್ ಕುರಿತು ಬರೆದ ಗ್ರಂಥ ಆ ಮೀನಿಗೆ ಟ್ರೌಟ್, ಸಾಲ್ಮನ್‌ಗಳಿಗೆ ಸಮನಾದ ಗೌರವ ತಂದಿತು. ಅದಕ್ಕೂ ಎಂಟು ವರ್ಷ ಮೊದಲು, 1873ರಲ್ಲಿ, ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದ ಮಹಸೀರ್ ಮೀನಿನ ಗಾಳದ ಬಗ್ಗೆ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಪ್ರಕಟಿಸಿದ್ದ.

20ನೇ ಶತಮಾನದಲ್ಲಿ ಬದಲಾವಣೆಗಳು ವೇಗವಾಗಿ ಬಂದವು. 1949ರಲ್ಲಿ ಒಹಾಯೋದ ಏಕ್ರನ್‌ನಲ್ಲಿ ನಿಕ್ ಕ್ರೀಮ್ ಮೆತ್ತನೆಯ ಪ್ಲಾಸ್ಟಿಕ್ ಎರೆಹುಳುವನ್ನು ಅಚ್ಚು ಹಾಕಿದ. ಫಿನ್ಲೆಂಡಿನ ಲೌರಿ ರಾಪಲ 1930ರ ದಶಕದಲ್ಲಿ ಕೆತ್ತಿದ ಮರದ ಮೀನು 1960ರ ದಶಕದಲ್ಲಿ ಅಮೆರಿಕದಲ್ಲಿ ಮನೆಮಾತಾಯಿತು. ನೈಲಾನ್ ದಾರ ರೇಷ್ಮೆ ದಾರವನ್ನು ಹಿಂದಿಕ್ಕಿತು. ಬಿದಿರಿನ ಕೋಲಿನ ಜಾಗಕ್ಕೆ ಫೈಬರ್‌ಗ್ಲಾಸ್, ಆಮೇಲೆ ಗ್ರ್ಯಾಫೈಟ್ ಬಂದವು. 1967ರಲ್ಲಿ ರೇ ಸ್ಕಾಟ್ ಅರ್ಕಾನ್ಸಾದ ಬೀವರ್ ಸರೋವರದಲ್ಲಿ ನಡೆಸಿದ ಸ್ಪರ್ಧೆಯಿಂದ ವೃತ್ತಿಪರ ಬ್ಯಾಸ್ ಪಂದ್ಯಗಳು ಬೆಳೆದವು. ಹಿಡಿದ ಮೀನನ್ನು ಜೀವಂತ ಬಿಡುವ ಪದ್ಧತಿಯನ್ನು 1972ರಿಂದ ಪಂದ್ಯಗಳಲ್ಲಿ ಬೆಳೆಸಿದವನೂ ಅವನೇ.

ಕೋಲು

ಗಾಳದ ಕೋಲನ್ನು ಅಳೆಯಲು ಉದ್ದ, ಬಲ, ಬಾಗು ಎಂಬ ಮೂರು ಗುಣಗಳಿವೆ. ಬ್ಯಾಸ್ ಕೋಲುಗಳು ಸಾಮಾನ್ಯವಾಗಿ ಆರೂವರೆಯಿಂದ ಏಳೂವರೆ ಅಡಿ ಉದ್ದವಿರುತ್ತವೆ. ಉದ್ದ ಹೆಚ್ಚಿದಷ್ಟೂ ಎಸೆತ ದೂರ ಹೋಗುತ್ತದೆ. ಗಿಡದ ಕೊಂಬೆಗಳ ಕೆಳಗೆ ಗುರಿಯಿಡಲು ಗಿಡ್ಡ ಕೋಲು ಅನುಕೂಲ.

ಬಲವೆಂದರೆ ಕೋಲನ್ನು ಬಗ್ಗಿಸಲು ಬೇಕಾದ ಶಕ್ತಿ. ಇದನ್ನು ಲೈಟ್, ಮೀಡಿಯಂ, ಮೀಡಿಯಂ ಹೆವಿ, ಹೆವಿ ಎಂದು ಕೋಲಿನ ಮೇಲೆಯೇ ಬರೆದಿರುತ್ತಾರೆ. ಪಕ್ಕದಲ್ಲಿ ಆ ಕೋಲಿಗೆ ತಕ್ಕ ಎರೆಯ ತೂಕವೂ ದಾರದ ಶಕ್ತಿಯೂ ಮುದ್ರಿತವಾಗಿರುತ್ತವೆ. ಕೊಳ್ಳುವವರು ಮೊದಲು ಓದಬೇಕಾದದ್ದು ಈ ಸಾಲನ್ನು. ಬಾಗು ಎಂದರೆ ಕೋಲು ಎಲ್ಲಿಂದ ಬಗ್ಗುತ್ತದೆ ಎಂಬುದು. ತುದಿಯ ಭಾಗ ಮಾತ್ರ ಬಗ್ಗುವುದು ಫಾಸ್ಟ್, ನಡುವಿನವರೆಗೂ ಬಗ್ಗುವುದು ಮಾಡರೇಟ್. ಪ್ಲಾಸ್ಟಿಕ್ ಹುಳು, ಜಿಗ್ ಮುಂತಾದ ಒಂಟಿ ಮುಳ್ಳಿನ ಎರೆಗಳಿಗೆ ಫಾಸ್ಟ್ ಬೇಕು, ಏಕೆಂದರೆ ಜಗ್ಗಿದೊಡನೆ ಮುಳ್ಳು ನಾಟಬೇಕು. ಮೂರು ಮುಳ್ಳಿನ ಗಾಳಗಳಿರುವ ಕ್ರ್ಯಾಂಕ್‌ಬೈಟ್ ಎಂಬ ಎರೆಗೆ ಮಾಡರೇಟ್ ಕೋಲೇ ಸರಿ. ಬಿರುಸಾದ ಕೋಲಿನಲ್ಲಿ ಆ ಸಣ್ಣ ಮುಳ್ಳುಗಳು ಬಾಯಿಂದ ಕಿತ್ತು ಬರುತ್ತವೆ.

ರೀಲು

ಬಳಕೆಯಲ್ಲಿರುವ ರೀಲುಗಳು ಮೂರು ಬಗೆಯವು. ಮುಚ್ಚಿದ ಮೂತಿಯ ಸ್ಪಿನ್‌ಕಾಸ್ಟ್ ರೀಲು ಮಕ್ಕಳಿಗೆ ಸುಲಭ. ಕೋಲಿನ ಕೆಳಗೆ ಕೂರುವ ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಉರುಳೆ ತಿರುಗುವುದಿಲ್ಲ. ಹಾಗಾಗಿ ಹಗುರ ಎರೆಗಳನ್ನೂ ಸಲೀಸಾಗಿ ಎಸೆಯಬಹುದು; ಹೊಸಬರಿಗೆ ಇದು ಉತ್ತಮ. ಕೋಲಿನ ಮೇಲೆ ಕೂರುವ ಬೈಟ್‌ಕಾಸ್ಟಿಂಗ್ ರೀಲು ಭಾರದ ಎರೆ ಮತ್ತು ದಪ್ಪ ದಾರಕ್ಕೆ ಹೇಳಿಸಿದ್ದು. ಹೆಬ್ಬೆರಳಿನಿಂದ ಉರುಳೆಯನ್ನು ಒತ್ತಿ ಎಸೆತವನ್ನು ಬೇಕಾದಲ್ಲಿ ನಿಲ್ಲಿಸಬಹುದಾದ್ದರಿಂದ ಗುರಿ ನಿಖರ. ಆದರೆ ಎರೆಗಿಂತ ಉರುಳೆ ವೇಗವಾಗಿ ತಿರುಗಿಬಿಟ್ಟರೆ ದಾರ ರೀಲಿನೊಳಗೇ ಗೋಜಲಾಗುತ್ತದೆ. ಇದನ್ನು ತಡೆಯಲು ಎರೆಯನ್ನು ಕೋಲಿನ ತುದಿಯಿಂದ ಇಳಿಬಿಟ್ಟು, ಅದು ನಿಧಾನವಾಗಿ ಇಳಿದು ನೆಲ ಮುಟ್ಟಿದೊಡನೆ ಉರುಳೆ ನಿಲ್ಲುವಂತೆ ಪಕ್ಕದ ತಿರುಪನ್ನು ಬಿಗಿಗೊಳಿಸಬೇಕು. ಎರೆ ಬದಲಾದಾಗಲೆಲ್ಲ ಈ ಹೊಂದಿಕೆಯನ್ನು ಮತ್ತೆ ಮಾಡಬೇಕು.

ರೀಲಿನ ಮೇಲೆ 6.3:1 ಎಂದಿದ್ದರೆ ಹಿಡಿಯ ಒಂದು ಸುತ್ತಿಗೆ ಉರುಳೆ 6.3 ಸುತ್ತು ತಿರುಗುತ್ತದೆ ಎಂದರ್ಥ. ಆಳಕ್ಕಿಳಿದು ನೀರನ್ನು ತಳ್ಳುತ್ತ ಬರುವ ಎರೆಗೆ 5:1ರ ಆಸುಪಾಸಿನ ನಿಧಾನದ ರೀಲು, ಸಡಿಲ ದಾರವನ್ನು ಬೇಗ ಸುತ್ತಿಕೊಳ್ಳಬೇಕಾದ ಜಿಗ್, ಹುಳುಗಳಿಗೆ 7:1ಕ್ಕಿಂತ ಹೆಚ್ಚಿನದು ಅನುಕೂಲ. ಎಲ್ಲ ಕೆಲಸಕ್ಕೂ ಒಂದೇ ರೀಲು ಕೊಳ್ಳುವವರಿಗೆ 6:1ರ ಸುತ್ತಮುತ್ತಲಿನದು ಸಾಕು. ಮೀನು ಎಳೆದಾಗ ದಾರವನ್ನು ಅಳತೆಯಲ್ಲಿ ಬಿಟ್ಟುಕೊಡುವ ಡ್ರ್ಯಾಗ್ ಎಂಬ ತಡೆಯನ್ನು ದಾರದ ಶಕ್ತಿಯ ಮೂರನೇ ಒಂದು ಭಾಗ ಅಥವಾ ಇನ್ನೂ ಸ್ವಲ್ಪ ಕಡಿಮೆಗೆ ಇಡುವುದು ರೂಢಿ.

ದಾರ

ನೈಲಾನಿನ ಒಂಟಿ ಎಳೆ ದಾರ, ಅಂದರೆ ನಮ್ಮ ಕರಾವಳಿಯವರು ತಂಗೂಸು ಎನ್ನುವಂಥದು, ಅಗ್ಗವಾದದ್ದು. ಗಂಟು ಸುಲಭವಾಗಿ ಹಾಕಬಹುದು, ಎಳೆದರೆ ಹಿಗ್ಗುತ್ತದೆ. ನಿಧಾನವಾಗಿ ಮುಳುಗುವುದರಿಂದ ನೀರಿನ ಮೇಲೆ ಆಡುವ ಎರೆಗಳಿಗೆ ಹೊಂದುತ್ತದೆ. ಫ್ಲೋರೋಕಾರ್ಬನ್ ದಾರದ ವಕ್ರೀಭವನಾಂಕ 1.42, ನೀರಿನದು 1.33, ನೈಲಾನಿನದು 1.5ಕ್ಕೂ ಹೆಚ್ಚು. ನೀರಿಗೆ ಹತ್ತಿರವಾದ್ದರಿಂದ ಅದು ತಿಳಿನೀರಿನಲ್ಲಿ ಅಷ್ಟಾಗಿ ಕಾಣುವುದಿಲ್ಲ. ಬೇಗ ಮುಳುಗುವುದರಿಂದ ತಳದಲ್ಲಿ ಆಡಿಸುವ ಎರೆಗಳಿಗೆ ಒಳ್ಳೆಯದು. ಹೆಣೆದ ದಾರ ಅದೇ ದಪ್ಪದ ನೈಲಾನಿಗಿಂತ ಬಹಳ ಗಟ್ಟಿ, ಹಿಗ್ಗುವುದಿಲ್ಲ, ತೇಲುತ್ತದೆ. ಜೊಂಡನ್ನು ಸೀಳಿಕೊಂಡು ಬರಲು ಇದೇ ಬೇಕು, ಆದರೆ ತಿಳಿನೀರಿನಲ್ಲಿ ಎದ್ದು ಕಾಣುತ್ತದೆ.

ಸ್ಪಿನ್ನಿಂಗ್ ರೀಲಿಗೆ 6ರಿಂದ 10 ಪೌಂಡ್, ಬೈಟ್‌ಕಾಸ್ಟಿಂಗ್‌ಗೆ 12ರಿಂದ 17 ಪೌಂಡ್ ಶಕ್ತಿಯ ಒಂಟಿ ಎಳೆ ದಾರ, ದಟ್ಟ ಜೊಂಡಿಗೆ 50 ಪೌಂಡಿಗೂ ಮಿಕ್ಕಿದ ಹೆಣೆದ ದಾರ ವಾಡಿಕೆಯಲ್ಲಿವೆ. ಪಾಲೊಮಾರ್ ಗಂಟನ್ನು ಕಲಿತರೆ ಮೂರೂ ಬಗೆಯ ದಾರಗಳಿಗೆ ಸಾಲುತ್ತದೆ. ಬಿಗಿಯುವ ಮೊದಲು ಗಂಟನ್ನು ಒದ್ದೆ ಮಾಡಬೇಕು, ಇಲ್ಲವಾದರೆ ತಿಕ್ಕಾಟದ ಬಿಸಿಗೆ ಒಂಟಿ ಎಳೆ ದಾರ ದುರ್ಬಲವಾಗುತ್ತದೆ. ಪ್ರತಿ ಮೀನಿನ ನಂತರವೂ ಗಾಳದ ಬಳಿಯ ದಾರವನ್ನು ಬೆರಳಿನಲ್ಲಿ ಸವರಿ, ತರಿ ಸಿಕ್ಕಿದರೆ ಅಷ್ಟನ್ನು ಕತ್ತರಿಸಿ ಹೊಸ ಗಂಟು ಹಾಕಬೇಕು.

ಗಾಳ, ಭಾರ ಮತ್ತು ಕೃತಕ ಎರೆಗಳು

ಪ್ಲಾಸ್ಟಿಕ್ ಹುಳುಗಳಿಗೆ ಕುತ್ತಿಗೆಯಲ್ಲಿ ಬಾಗಿರುವ 3/0 ಅಥವಾ 4/0 ಅಳತೆಯ ಗಾಳ ಸಾಮಾನ್ಯ. ಟೆಕ್ಸಾಸ್ ರಿಗ್ ಎಂಬ ಜೋಡಣೆಯಲ್ಲಿ ಗುಂಡಿನಾಕಾರದ ಭಾರವನ್ನು ಮುಂದೆ ಪೋಣಿಸಿ, ಮುಳ್ಳಿನ ಮೊನೆಯನ್ನು ಹುಳುವಿನ ಮೈಯೊಳಗೆ ಅಡಗಿಸುತ್ತಾರೆ. ಆಗ ಅದು ಜೊಂಡಿಗೆ ಸಿಕ್ಕಿಕೊಳ್ಳದೆ ಜಾರುತ್ತದೆ. ಕೆರೊಲೈನಾ ರಿಗ್‌ನಲ್ಲಿ ಭಾರ ಎರೆಯಿಂದ ಎರಡು ಮೂರು ಅಡಿ ದೂರವಿರುತ್ತದೆ. ಡ್ರಾಪ್ ಶಾಟ್‌ನಲ್ಲಿ ಭಾರ ತಳದಲ್ಲಿ, ಗಾಳ ಅದಕ್ಕಿಂತ ಮೇಲೆ.

ಗಟ್ಟಿ ಎರೆಗಳಲ್ಲಿ ಕ್ರ್ಯಾಂಕ್‌ಬೈಟ್ ಮೂತಿಯ ತಟ್ಟೆಯ ಬಲದಿಂದ ಮುಳುಗಿ ಓಲಾಡುತ್ತದೆ. ತಟ್ಟೆ ದೊಡ್ಡದಾದಷ್ಟೂ ಆಳಕ್ಕೆ ಹೋಗುತ್ತದೆ. ಸ್ಪಿನ್ನರ್‌ಬೈಟ್‌ನ ತಿರುಗುವ ಲೋಹದ ಎಲೆಗಳು ಮಿಂಚನ್ನೂ ಕಂಪನವನ್ನೂ ಎಬ್ಬಿಸುತ್ತವೆ. ನೀರಿನ ಮೇಲಿನ ಪಾಪರ್, ಟೊಳ್ಳು ಮೈಯ ಕಪ್ಪೆ ಮುಂಜಾನೆ, ಸಂಜೆಗಳಲ್ಲಿ ಫಲ ಕೊಡುತ್ತವೆ. ಜಿಗ್ ಎಂದರೆ ಭಾರದ ತಲೆಗೆ ಕುಚ್ಚು ಕಟ್ಟಿದ ಗಾಳ. ಅದನ್ನು ತಳದಲ್ಲಿ ಕುಪ್ಪಳಿಸುವಂತೆ ಆಡಿಸಿದರೆ ಕ್ರೇಫಿಶ್‌ನಂತೆ ತೋರುತ್ತದೆ. ತಿಳಿನೀರಿಗೆ ಸಹಜ ಬಣ್ಣ, ಕದಡಿದ ನೀರಿಗೆ ಕಪ್ಪು, ಕಡುನೀಲಿ ಮತ್ತು ಹೆಚ್ಚು ಕಂಪನದ ಎರೆ ಎಂಬುದು ಅನುಭವಿಗಳ ನಿಯಮ. ನೀರು ತಣ್ಣಗಿದ್ದಾಗ ಮೀನಿನ ಚಲನೆ ಮಂದವಾಗುವುದರಿಂದ ಎರೆಯನ್ನೂ ನಿಧಾನಿಸಬೇಕು.

ಭಾರಕ್ಕೆ ಹಿಂದಿನಿಂದಲೂ ಸೀಸವನ್ನೇ ಬಳಸುತ್ತಿದ್ದರು. ಲೂನ್ ಎಂಬ ನೀರುಹಕ್ಕಿಗಳು ಆ ಗುಂಡುಗಳನ್ನು ನುಂಗಿ ವಿಷವೇರಿ ಸಾಯುವುದು ಕಂಡುಬಂದ ಮೇಲೆ ನ್ಯೂ ಹ್ಯಾಂಪ್‌ಶೈರ್‌ನಂಥ ರಾಜ್ಯಗಳು ಸಣ್ಣ ಸೀಸದ ಭಾರಗಳನ್ನು ನಿಷೇಧಿಸಿವೆ. ಟಂಗ್‌ಸ್ಟನ್ ದುಬಾರಿಯಾದರೂ ಸೀಸಕ್ಕಿಂತ ಸುಮಾರು 1.7 ಪಟ್ಟು ಸಾಂದ್ರ. ಅದೇ ತೂಕ ಚಿಕ್ಕ ಗಾತ್ರದಲ್ಲಿ ಸಿಗುತ್ತದೆ, ತಳದ ಕಲ್ಲು, ಕೆಸರುಗಳ ವ್ಯತ್ಯಾಸವನ್ನು ಕೈಗೆ ಸ್ಪಷ್ಟವಾಗಿ ಮುಟ್ಟಿಸುತ್ತದೆ.

ಹೊಸಬರಿಗೆ ಮೊದಲ ಜೋಡಣೆ

ಆರೂವರೆ ಅಥವಾ ಏಳು ಅಡಿಯ ಮೀಡಿಯಂ ಬಲದ, ಫಾಸ್ಟ್ ಬಾಗಿನ ಸ್ಪಿನ್ನಿಂಗ್ ಕೋಲು. 2500 ಅಥವಾ 3000 ಅಳತೆಯ ರೀಲು. 8 ಅಥವಾ 10 ಪೌಂಡಿನ ನೈಲಾನ್ ದಾರ. ಒಂದು ಪೊಟ್ಟಣ ಪ್ಲಾಸ್ಟಿಕ್ ಹುಳು, ಅದಕ್ಕೆ ತಕ್ಕ ಗಾಳ ಮತ್ತು ಭಾರ. ಒಂದು ಕ್ರ್ಯಾಂಕ್‌ಬೈಟ್, ಒಂದು ಸ್ಪಿನ್ನರ್‌ಬೈಟ್, ಒಂದು ಪಾಪರ್. ಇಷ್ಟಿದ್ದರೆ ತಳ, ನಡುನೀರು, ಮೇಲ್ಮೈ ಮೂರನ್ನೂ ಹುಡುಕಬಹುದು. ಎರೆಗಳ ಡಬ್ಬಿ ತುಂಬಿಸುವುದಕ್ಕಿಂತ ಈ ಕೆಲವನ್ನೇ ಚೆನ್ನಾಗಿ ಆಡಿಸಲು ಕಲಿಯುವುದು ಲಾಭ. ಬೈಟ್‌ಕಾಸ್ಟಿಂಗ್ ಕೋಲನ್ನು ಎರಡನೆಯದಾಗಿ ಕೊಂಡರೆ ಸಾಕು.

ಇವುಗಳ ಜೊತೆಗೆ ಉದ್ದ ಮೂತಿಯ ಇಕ್ಕಳ, ದಾರ ಕತ್ತರಿ, ಅಳತೆಪಟ್ಟಿ, ರಬ್ಬರ್ ಬಲೆಯ ಕೈಜಾಳಿಗೆ ಇರಬೇಕು. ಪೋಲರೈಸ್ಡ್ ಕನ್ನಡಕ ನೀರಿನ ಥಳಕನ್ನು ತಡೆದು ಒಳಗಿರುವುದನ್ನು ಕಾಣಿಸುತ್ತದೆ, ಹಾರಿ ಬರುವ ಗಾಳದಿಂದ ಕಣ್ಣನ್ನೂ ಕಾಯುತ್ತದೆ. ದೋಣಿಯಲ್ಲಿ ಹೋಗುವವರು ಜೀವರಕ್ಷಕ ಕವಚವನ್ನು ತೊಟ್ಟೇ ಇರಬೇಕು. 26 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಲ್ಲಿ ಚಾಲಕ ನೀರಿಗೆ ಬಿದ್ದರೆ ಯಂತ್ರ ನಿಲ್ಲಿಸುವ ಸ್ವಿಚ್ಚನ್ನು ಬಳಸಬೇಕೆಂಬ ನಿಯಮ ಅಮೆರಿಕದಲ್ಲಿ 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಮೀನಿನ ಕಾಳಜಿ

ಬಿಡಬೇಕೆಂದಿರುವ ಮೀನನ್ನು ಒದ್ದೆ ಕೈಯಲ್ಲಿ ಹಿಡಿಯಬೇಕು. ಒಣ ಕೈ, ಒರಟು ಬಲೆಗಳು ಅದರ ಮೈಯನ್ನು ಕಾಯುವ ಲೋಳೆಯನ್ನು ಕೀಳುತ್ತವೆ. ದೊಡ್ಡ ಮೀನನ್ನು ದವಡೆಯೊಂದರಿಂದಲೇ ತೂಗಾಡಿಸದೆ ಹೊಟ್ಟೆಗೆ ಇನ್ನೊಂದು ಕೈಯ ಆಸರೆ ಕೊಟ್ಟು ಅಡ್ಡಲಾಗಿ ಹಿಡಿಯಬೇಕು. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರೆ ಬಿಡಿಸುವುದು ಸುಲಭ. ವಸಂತದಲ್ಲಿ ನೀರು 15 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮೊಟ್ಟೆಯಿಡುವ ಕಾಲ ಶುರುವಾಗುತ್ತದೆ. ಗೂಡು ಕಾಯುವುದು ಗಂಡು ಮೀನು. ಅದನ್ನು ಎತ್ತಿದರೆ ಸಣ್ಣ ಮೀನುಗಳು ಬಂದು ಮೊಟ್ಟೆ ತಿನ್ನುತ್ತವೆ. ಹರಿದ ಪ್ಲಾಸ್ಟಿಕ್ ಎರೆ, ತುಂಡು ದಾರಗಳನ್ನು ನೀರಿಗೆ ಎಸೆಯಬಾರದು.

ಕಾನೂನು ಮತ್ತು ಹೊಣೆ

ಇದೇ ಮೀನು ತನ್ನ ನೆಲೆಯಾಚೆ ಹಾವಳಿಯೂ ಹೌದು. 1925ರಲ್ಲಿ ಜಪಾನಿನ ಆಶಿ ಸರೋವರಕ್ಕೆ ತಂದು ಬಿಟ್ಟ ಲಾರ್ಜ್‌ಮೌತ್ ದೇಶದ ತುಂಬ ಹರಡಿ ಸ್ಥಳೀಯ ಮೀನುಗಳನ್ನು ಕಬಳಿಸಿತು. 2005ರಿಂದ ಅಲ್ಲಿ ಅದನ್ನು ಜೀವಂತ ಸಾಗಿಸುವುದು, ಸಾಕುವುದು ಅಪರಾಧ. ಅಲ್ಲಿ ಅದು ಬೃಹತ್ತಾಗಿ ಬೆಳೆದಿದೆ ಕೂಡ: 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಹಿಡಿದ 22 ಪೌಂಡ್ 4 ಔನ್ಸಿನ ಮೀನಿಗೆ ಸಾಟಿಯಾಗಿ ದಾಖಲೆಗೆ ಸೇರಿದ್ದು 2009ರಲ್ಲಿ ಮನಾಬು ಕುರಿತಾ ಜಪಾನಿನ ಬಿವಾ ಸರೋವರದಲ್ಲಿ ಹಿಡಿದ ಬ್ಯಾಸ್. ಈ ಹಾವಳಿಯನ್ನು ನೋಡಿದರೆ ಹೊರಗಿನ ಮೀನನ್ನು ನಮ್ಮ ಕೆರೆಗಳಿಗೆ ಬಿಡುವ ಯೋಚನೆ ಯಾರಿಗೂ ಬರಬಾರದು.

ಅಮೆರಿಕದಲ್ಲಿ ಗಾಳ ಹಾಕಲು ಆಯಾ ರಾಜ್ಯದ ಪರವಾನಗಿ ಬೇಕು. ಇಟ್ಟುಕೊಳ್ಳಬಹುದಾದ ಮೀನಿನ ಉದ್ದ, ಸಂಖ್ಯೆಗಳ ಮಿತಿ ಸರೋವರದಿಂದ ಸರೋವರಕ್ಕೆ ಬದಲಾಗುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರೂ ಕೋಲು ಹಿಡಿಯುವ ಮುನ್ನ ಇವನ್ನು ಓದಿಕೊಳ್ಳಬೇಕು. 1950ರ ಡಿಂಗೆಲ್-ಜಾನ್ಸನ್ ಕಾಯಿದೆಯಂತೆ ಗಾಳದ ಸಲಕರಣೆಗಳ ಮೇಲೆ ತಯಾರಕರಿಂದ ವಸೂಲಾಗುವ ತೆರಿಗೆ, ರಾಜ್ಯಗಳ ವಿಸ್ತೀರ್ಣ ಮತ್ತು ಪರವಾನಗಿದಾರರ ಸಂಖ್ಯೆಯನ್ನು ನೋಡಿ ಹಂಚಿಕೆಯಾಗಿ, ಮೀನಿನ ನೆಲೆಗಳ ಪಾಲನೆಗೆ ಬಳಕೆಯಾಗುತ್ತದೆ. ಕೋಲು, ರೀಲು ಕೊಂಡ ಪ್ರತಿಯೊಬ್ಬರ ಹಣದಲ್ಲೂ ಆ ನೀರಿನ ಪಾಲು ಸೇರಿರುತ್ತದೆ.