ಹೆಸರು ಕೇಳದ ಒಂದು ರೂಪಾಯಿ

ಪುಣೆಗೆ ಬಂದು ಮೂರು ದಶಕ ಕಂಡ ನಮ್ಮಂಥ ಕನ್ನಡಿಗರಿಗೆ 'ಕಾಯಿನ್ ಬಾಕ್ಸ್' ಅಂದರೆ ಸಾಕು, ಕಿರಾಣಿ ಅಂಗಡಿಯ ಕಟ್ಟೆ ಮೇಲೆ ಕೂತಿರುತ್ತಿದ್ದ ಕೆಂಪು ಫೋನು ಕಣ್ಣ ಮುಂದೆ ಬರುತ್ತದೆ. ನೆನಪಿದೆಯೇ? ಒಂದು ರೂಪಾಯಿ ಹಾಕಿದರೆ ಊರೊಳಗೆ ಮಾತು. ಕೀಂ ಕೀಂ ಅಂದಾಗ ಇನ್ನೊಂದು ನಾಣ್ಯ ಹಾಕದಿದ್ದರೆ ಮಾತು ಅರ್ಧಕ್ಕೇ ಕಟ್! ವಿಜಾಪುರಕ್ಕೋ ಗುಲ್ಬರ್ಗಕ್ಕೋ ಮಾತಾಡಬೇಕೆಂದರೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತು. ರೈಲು ನಿಲ್ದಾಣದ ತೂಕದ ಯಂತ್ರವೂ ಇದೇ ಜಾತಿಯದು. ನಾಣ್ಯ ನುಂಗಿ, ಬಣ್ಣದ ದೀಪ ಮಿನುಗಿಸಿ, ತೂಕದ ಜೊತೆಗೆ ಭವಿಷ್ಯವನ್ನೂ ಅಚ್ಚು ಹಾಕಿದ ಚೀಟಿ ಕೊಡುತ್ತಿತ್ತು.

ಕಾಯಿನ್ ಬಾಕ್ಸನ್ನು ಮುಗಿಸಿದ್ದು ಅಗ್ಗದ ಮೊಬೈಲು. ಚಿಲ್ಲರೆಯೂ ಸವೆಯುತ್ತ ಬಂತು. 2011ರ ಜೂನ್ 30ಕ್ಕೆ 25 ಪೈಸೆಯ ಚಲಾವಣೆ ನಿಂತಿತು. 2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು, ಅದೇ ವರ್ಷ ನವೆಂಬರ್ 8ರ ರಾತ್ರಿ ದೊಡ್ಡ ನೋಟುಗಳು ರದ್ದಾದವು. ಆಮೇಲೆ ಚಹಾದಂಗಡಿಗೂ ಕ್ಯೂಆರ್ ಚೌಕ ಬಂದು ಕೂತಿತು. 2023ರಲ್ಲಿ ಪಿಎಂಪಿಎಂಎಲ್ ಬಸ್ಸಿನಲ್ಲೂ ಯುಪಿಐ ಶುರುವಾಯಿತು. ಕಂಡಕ್ಟರನ "ಸುಟ್ಟೆ ದ್ಯಾ!" ಇಲ್ಲ, ಚಿಲ್ಲರೆ ಬದಲು ಚಾಕಲೇಟು ತುರುಕುವ ಅಂಗಡಿಯವನ ಕಾಟವೂ ಇಲ್ಲ. ಒಳ್ಳೆಯದೇ ಆಯಿತು.

ಆದರೆ ಒಂದು ಮಾತು. ನಾಣ್ಯ ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. ನಮ್ಮ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಹುಡುಗ ಬಸ್ಸಿಳಿದ ಗಳಿಗೆಯಲ್ಲೇ ರೂಪಾಯಿ ಹಾಕಿ ಮುಕಾದಮನಿಗೆ ಫೋನು ಹಚ್ಚಬಹುದಿತ್ತು. ಯುಪಿಐಗಾದರೆ ಬ್ಯಾಂಕ್ ಖಾತೆ ಬೇಕು, ಅದಕ್ಕೆ ಜೋಡಿಸಿದ ಮೊಬೈಲ್ ನಂಬರು ಬೇಕು, ಬ್ಯಾಟರಿಯಲ್ಲಿ ಜೀವವೂ ಇರಬೇಕು. 2022ರ ಮಾರ್ಚ್‌ನಲ್ಲಿ ಸಾದಾ ಫೋನಿಗಾಗಿ 'ಯುಪಿಐ 123ಪೇ' ಬಂತು, ಸೆಪ್ಟೆಂಬರ್‌ನಲ್ಲಿ ಸಣ್ಣ ಮೊತ್ತಕ್ಕೆ ಪಿನ್ ಕೇಳದ 'ಯುಪಿಐ ಲೈಟ್' ಬಂತು. ದಾರಿ ಸಲೀಸಾಯಿತು ನಿಜ, ಆದರೂ ಖಾತೆ ಇಲ್ಲದವನು ಹೊರಗೇ.

ಕಾನೂನು ಮಾತ್ರ ನಾಣ್ಯವನ್ನು ಮರೆತಿಲ್ಲ. 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕೂ ದೊಡ್ಡ ನಾಣ್ಯಗಳಲ್ಲಿ 1,000 ರೂಪಾಯಿವರೆಗೆ ಪಾವತಿ ಮಾಡಬಹುದು. ತಮಾಷೆಯೆಂದರೆ, 2023ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ 12 ನಗರಗಳಲ್ಲಿ ಹೊಸ ಪ್ರಯೋಗವೊಂದನ್ನು ಪ್ರಕಟಿಸಿತು: ಕ್ಯೂಆರ್ ಸ್ಕ್ಯಾನ್ ಮಾಡಿದರೆ ನಾಣ್ಯ ಉದುರಿಸುವ ಯಂತ್ರ! ಅಂದು ನಾಣ್ಯ ನುಂಗುತ್ತಿದ್ದ ಯಂತ್ರದ ವಂಶದವನೇ ಇಂದು ನಾಣ್ಯ ಉಗುಳುತ್ತಾನೆ.

ಸ್ಕ್ಯಾನ್ ಇರಲಿ, ಬೇಡವೆನ್ನುವವರು ಯಾರು? ಪಕ್ಕದಲ್ಲೇ ನಾಣ್ಯಕ್ಕೊಂದು ಕಿಂಡಿಯೂ ಇರಲಿ. ಊರಿಗೆ ಹೊಸದಾಗಿ ಬಂದವನ ಕೈಯಲ್ಲಿ ಮೊದಲು ಇರುವುದು ಅದೇ ತಾನೇ?