ಪ್ರಶ್ನಾವಳಿಗೂ ಮೊದಲು: ಸಂದರ್ಶನ ಸಂಶೋಧನೆಯ ಯೋಜನೆಯಲ್ಲಿ ಸೋಲಿಗರ ಪಾಲು

ಗುಣಾತ್ಮಕ ಸಂಶೋಧನೆಯಲ್ಲಿ ಸಮುದಾಯದವರಿಗೆ ಸಿಗುವ ಕೆಲಸ ಸಾಮಾನ್ಯವಾಗಿ ದಾರಿ ತೋರಿಸುವುದು, ಜನರನ್ನು ಕರೆತರುವುದು, ಕೊನೆಗೆ ವರದಿಗೆ ತಲೆಯಾಡಿಸುವುದು. ಅಷ್ಟರಲ್ಲಿ ಪ್ರಶ್ನೆಗಳು ಸಿದ್ಧವಾಗಿ, ನೈತಿಕ ಸಮಿತಿಯ ಒಪ್ಪಿಗೆಯೂ ಬಂದಿರುತ್ತದೆ. ಏನನ್ನು ಕೇಳಬೇಕು ಎಂಬ ತೀರ್ಮಾನದಲ್ಲೇ ಅವರಿರಬೇಕು ಎಂಬುದು ಈ ಲೇಖನದ ವಾದ.

ಉದಾಹರಣೆಗೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳು ಹಿಂದೆ ಒಣಹವೆಯ ದಿನಗಳಲ್ಲಿ ತರಗೆಲೆಗೆ ಸಣ್ಣಗೆ ಬೆಂಕಿ ಹಾಕುತ್ತಿದ್ದರು. ಅದು ತರಗು ಬೆಂಕಿ. 1974ರಲ್ಲಿ ಬೆಟ್ಟ ವನ್ಯಜೀವಿ ಧಾಮವಾದ ಮೇಲೆ ಅದಕ್ಕೆ ತಡೆ ಬಿತ್ತು. ಬೆಂಕಿ ನಿಂತದ್ದರಿಂದಲೇ ಲಂಟಾನ ಕಳೆ ಹಬ್ಬಿತು, ನೆಲ್ಲಿ ಮರಗಳಿಗೆ ಉಪ್ಪಿಲು ಎಂಬ ಬಂದಳಿಕೆ ಹೆಚ್ಚಿತು ಎನ್ನುತ್ತಾರೆ ಅವರು. ಪರಿಸರ ವಿಜ್ಞಾನಿಗಳು ಈ ಮಾತನ್ನು ಸಂಶೋಧನೆಯ ವಿಷಯವಾಗಿಯೇ ಕೈಗೆತ್ತಿಕೊಂಡಿದ್ದಾರೆ.

ಈಗ ಹೊರಗಿನವರು ಬಂದು 'ಕಾಡಿಗೆ ಬೆಂಕಿ ಹಾಕುತ್ತಿದ್ದಿರಾ?' ಎಂದರೆ, ಕಾನೂನು ಅಪರಾಧವೆಂದಿರುವ ಕೆಲಸದ ವಿಚಾರಣೆಯಾಗಿಯೇ ಅದು ಕಿವಿಗೆ ಬೀಳುತ್ತದೆ. 'ಇಲ್ಲ' ಎಂದು ಮಾತು ಮುಗಿಸಿದರೆ ಆ ಮನುಷ್ಯನ ತಪ್ಪೇನೂ ಇಲ್ಲ. ಬದಲಿಗೆ ನೆಲ್ಲಿ ಮರದ ಬುಡದಲ್ಲಿ ನಿಂತು 'ಇದಕ್ಕೆ ಉಪ್ಪಿಲು ಯಾಕೆ ಇಷ್ಟು ಹತ್ತಿದೆ?' ಎಂದರೆ, ಬೆಂಕಿಯ ಸಂಗತಿ ಹೇಳುವವರಿಂದಲೇ ಬರಲು ದಾರಿಯಿದೆ. ಎಲ್ಲಿಂದ ಆರಂಭಿಸಬೇಕು, ಯಾವುದನ್ನು ಧ್ವನಿಮುದ್ರಿಸಬಾರದು ಎಂಬುದು ಕಾಡಿನಲ್ಲಿ ಬದುಕಿದವರಿಗೆ ಗೊತ್ತು. ಇದು ಬರೀ ಸೌಜನ್ಯದ ಪ್ರಶ್ನೆಯಲ್ಲ. ದತ್ತಾಂಶ ನಿಜವಾಗುವುದೂ ಸುಳ್ಳಾಗುವುದೂ ಇಲ್ಲಿಯೇ.

ಇಂಥ ಸಹಭಾಗಿತ್ವ ಆಗದ ಮಾತೇನಲ್ಲ. ಇದೇ ಬೆಟ್ಟದಲ್ಲಿ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ ಸೋಲಿಗರ ಜೊತೆ ಸೇರಿ ಅವರ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಇರುವ ಪವಿತ್ರ ತಾಣಗಳನ್ನು ನಕ್ಷೆಗೆ ತಂದಿತು. ಸೋಲಿಗ ಸಮುದಾಯದ ಸಂಶೋಧಕ ಸಿ. ಮಾದೇಗೌಡರು ಇಂಥ ಅಧ್ಯಯನಗಳಲ್ಲಿ ಲೇಖಕರಾಗಿಯೇ ಇದ್ದಾರೆ.

ಆದರೆ ಸಮುದಾಯವೆಂದರೆ ಒಂದೇ ದನಿಯಲ್ಲ. ಪೋಡಿನ (ಸೋಲಿಗರ ಹಾಡಿಯ) ಯಜಮಾನರನ್ನಷ್ಟೇ ಕರೆದರೆ ಹೆಂಗಸರ ಮಾತು ಹೊರಗುಳಿಯುತ್ತದೆ. ಕಾಫಿ ತೋಟದ ಕೂಲಿಗೆ ಹೋದವರಿಗೆ ಹಗಲಿನ ಸಭೆ ದಕ್ಕದು. ಸಭೆಯಲ್ಲಿ ಕೂತವರಿಗೆ ಆ ದಿನದ ಕೂಲಿಯನ್ನು ಯೋಜನೆಯೇ ಕೊಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿ ಸಮುದಾಯದ ಪಾಲ್ಗೊಳ್ಳುವಿಕೆಯ ಮಾತಾಡುತ್ತದೆ. ಅದೇ ವರ್ಷ ದಕ್ಷಿಣ ಆಫ್ರಿಕಾದ ಸಾನ್ ಜನ ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮಲ್ಲಿಗೆ ಬರುವ ಸಂಶೋಧಕರಿಗೆ ತಾವೇ ನೀತಿಸಂಹಿತೆ ಬರೆದುಕೊಟ್ಟರು.

ಸಂದರ್ಶನ ಆಧರಿಸಿದ ಲೇಖನಗಳನ್ನು ಪ್ರಕಟಿಸುವ ಕನ್ನಡದ ಸಂಪಾದಕರಲ್ಲಿ ಒಂದು ವಿನಂತಿ: ಎಷ್ಟು ಜನರನ್ನು ಮಾತಾಡಿಸಿದಿರಿ ಎಂದು ಕೇಳುವ ಮೊದಲು, ಪ್ರಶ್ನೆಗಳನ್ನು ಯಾರು ಯಾರು ಕೂತು ಬರೆದಿರಿ ಎಂದು ಲೇಖಕರನ್ನು ಕೇಳಿ.